ಬಾಳೆಹಣ್ಣಿನ ಬನ್ಸ್ ಉಬ್ಬದೆ ಎಣ್ಣೆ ಕುಡಿಯುತ್ತಿದ್ದರೆ

ತೀರಾ ಮಾಗಿದ ಬಾಳೆಹಣ್ಣಿನಿಂದ ನೀವು ಮಾಡಿದ ಮಂಗಳೂರು ಬನ್ಸ್ ಉಬ್ಬದೆ, ಎಣ್ಣೆ ಕುಡಿದು, ಒಳಗೆ ಹಸಿಯಾಗಿ ಉಳಿಯಲು ಬಹುಶಃ ಹಿಟ್ಟು ಸಡಿಲವಾದದ್ದೇ ಕಾರಣ. ಕಲಸುವಾಗ ಅರ್ಧ ಲೋಟ ನೀರು ಹಾಕಿದ್ದಾಗಿ ಬರೆದಿದ್ದೀರಿ. ಈ ಹಿಟ್ಟಿಗೆ ನೀರು ಬೇಕಾಗುವುದೇ ಇಲ್ಲ, ಹಣ್ಣು ಬಿಡುವ ರಸವೇ ಸಾಕು.

ಮೊದಲು 2 ಹಣ್ಣುಗಳನ್ನು 3 ಚಮಚ ಸಕ್ಕರೆಯೊಂದಿಗೆ, ಸಕ್ಕರೆ ಪೂರ್ತಿ ಕರಗುವವರೆಗೆ ಕಿವುಚಿ, 2 ಚಮಚ ಹುಳಿ ಮೊಸರು, ಕಾಲು ಚಿಕ್ಕ ಚಮಚ ಅಡುಗೆ ಸೋಡಾ, ಸ್ವಲ್ಪ ಜೀರಿಗೆ ಮತ್ತು ಚಿಟಿಕೆ ಉಪ್ಪು ಬೆರೆಸಿರಿ. ಆಮೇಲೆ ಮೈದಾವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋಗಿ. ಸುಮಾರು 2 ಲೋಟ ಹಿಡಿಯುತ್ತದೆಯಾದರೂ, ಹಣ್ಣಿನ ಗಾತ್ರಕ್ಕೂ ಮಾಗಿರುವ ಹದಕ್ಕೂ ತಕ್ಕಂತೆ ಇದು ಹೆಚ್ಚುಕಡಿಮೆಯಾಗುವುದರಿಂದ ಅಳತೆಗಿಂತ ಕೈಯನ್ನೇ ನಂಬಬೇಕು: ಬೆರಳಿಗೆ ತುಸು ಅಂಟಿಕೊಂಡು, ಎಣ್ಣೆ ಸವರಿದೊಡನೆ ಬಿಟ್ಟುಕೊಳ್ಳುವ ಹಿಟ್ಟೇ ಸರಿಯಾದ ಹದದ್ದು. ಅದನ್ನು ಮುಚ್ಚಿ ಕನಿಷ್ಠ 4 ಗಂಟೆ ಬಿಡಿ. ರಾತ್ರಿಯಿಡೀ ಇಟ್ಟರೆ ರುಚಿಯೂ ಮೃದುತ್ವವೂ ಹೆಚ್ಚುತ್ತವೆ.

ಪೂರಿಗಿಂತ ದಪ್ಪವಾಗಿ ಲಟ್ಟಿಸಿ, ಮಧ್ಯಮ ಉರಿಯಲ್ಲಿ ಕರಿಯಿರಿ. ಎಣ್ಣೆಗೆ ಹಾಕಿದ ಚೂರು ಹಿಟ್ಟು ತಳದಲ್ಲೇ ಕೂರದೆ, ಕೂಡಲೇ ಕಪ್ಪಾಗದೆ, ನಿಧಾನವಾಗಿ ಮೇಲೇಳಬೇಕು. ಉರಿ ಜೋರಾದರೆ ಹಣ್ಣು ಮತ್ತು ಸಕ್ಕರೆಯಿಂದಾಗಿ ಹೊರಮೈ ಬೇಗ ಕಪ್ಪಾಗಿ ಒಳಭಾಗ ಬೇಯುವುದಿಲ್ಲ. ಬನ್ಸ್ ಮೇಲೆದ್ದ ಕೂಡಲೇ ಜಾಲರಿ ಸೌಟಿನಿಂದ ಮೆಲ್ಲಗೆ ಒತ್ತಿ, ಉಬ್ಬಿದ ನಂತರ ಮಗುಚಿ.

ನೀವು ಮೊದಲು ಕಲಸಿ, ಫ್ರಿಜ್ಜಿನಲ್ಲಿ ಉಳಿದಿರುವ ಸಡಿಲ ಹಿಟ್ಟನ್ನು ಚೆಲ್ಲಬೇಡಿ. ಅದಕ್ಕೆ ಒಂದೊಂದೇ ಹಿಡಿ ಮೈದಾ ಸೇರಿಸಿ ಹದಕ್ಕೆ ತಂದು, ಅರ್ಧ ಗಂಟೆ ಬಿಟ್ಟು, ಮೊದಲು ಒಂದೇ ಬನ್ಸ್ ಕರಿದು ನೋಡಿ.