ಉಳಿಯೇಟು ಬಿದ್ದಿದ್ದು ಯಾವಾಗ?

ಪ್ರಿಯ ಲೇಖಕರೇ,

ಪ್ರಾಚೀನ ಈಜಿಪ್ಟನ್ನು ಫೇರೋ, ಅಂದರೆ ದೊರೆಯಾಗಿ ಆಳಿದ ರಾಣಿ ಹಾತ್‌ಶೆಪ್ಸುಟ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ಪುಂಟ್ ನಾಡಿನಿಂದ ಸುಗಂಧದ ಅಂಟು ಸುರಿಸುವ ಮರಗಳನ್ನು ಬೇರುಸಮೇತ ಬುಟ್ಟಿಯಲ್ಲಿಟ್ಟು ಹಡಗಿಗೆ ಹೊತ್ತ ಭಾಗ ಚೆನ್ನಾಗಿದೆ. ಆದರೆ ಮೂರನೇ ಪುಟಕ್ಕೆ ಬಂದಾಗ ಸಿಟ್ಟು ಬಂತು.

ನಿಮ್ಮ ಸಾಲು: ‘ರಾಣಿ ಕಣ್ಣು ಮುಚ್ಚಿದ್ದೇ ತಡ, ಸೇಡಿನಿಂದ ಕುದಿಯುತ್ತಿದ್ದ ಮಲಮಗ ಮೂರನೇ ತುತ್ಮೋಸ್ ಅವಳ ಹೆಸರನ್ನೆಲ್ಲ ಅಳಿಸಿಹಾಕಿದ.’

‘ಕಣ್ಣು ಮುಚ್ಚಿದ್ದೇ ತಡ’ ಎಲ್ಲಿಂದ ಬಂತು? ಅವಳು ತೀರಿಕೊಂಡಿದ್ದು ಸುಮಾರು ಕ್ರಿ.ಪೂ. 1458ರಲ್ಲಿ. ಅಳಿಸುವ ಕೆಲಸ ಶುರುವಾಗಿದ್ದು ಅದಾದ ಸುಮಾರು 20 ವರ್ಷಕ್ಕೆ, ಅವನ ಆಳ್ವಿಕೆಯ ಕೊನೆಗಾಲದಲ್ಲಿ. ಕುದಿಯುತ್ತಿದ್ದವನು ಅಷ್ಟು ವರ್ಷ ಸುಮ್ನೆ ಇರುತ್ತಾನಾ? ‘ಹೆಸರನ್ನೆಲ್ಲ’ ಅನ್ನುವುದೂ ತಪ್ಪು. ಉಳಿಯೇಟು ಬಿದ್ದಿದ್ದು ಅವಳು ಫೇರೋ ಆಗಿ, ದೊರೆಗಳ ಕೃತಕ ಗಡ್ಡ ಕಟ್ಟಿಕೊಂಡು ನಿಂತ ಚಿತ್ರಗಳಿಗೆ. ಗಂಡ ಎರಡನೇ ತುತ್ಮೋಸನ ರಾಣಿಯಾಗಿದ್ದ ಕಾಲದ ಚಿತ್ರಗಳ ತಂಟೆಗೆ ಹೋಗಲಿಲ್ಲ. ಎಷ್ಟೋ ಕಡೆ ಅವಳ ಹೆಸರು ಕೆತ್ತಿ ತೆಗೆದು ಅಪ್ಪನದೋ ಗಂಡನದೋ ಹಾಕಿದರು. ಮೂರನೇ ತುತ್ಮೋಸ್ ತನ್ನ ಮಗನ ಪಟ್ಟ ಗಟ್ಟಿಮಾಡಲು ಹೀಗೆ ಮಾಡಿಸಿದ ಅನ್ನುವ ವಿದ್ವಾಂಸರಿದ್ದಾರೆ. ಸೇಡಿನ ಕಥೆಗಿಂತ ಇದೇ ಜಾಸ್ತಿ ಕಾಡುತ್ತದೆ ಅಲ್ವಾ? ನೀವು ಅದನ್ನು ಸೀರಿಯಲ್ ಜಗಳ ಮಾಡಿಬಿಟ್ಟಿರಿ.

ಇನ್ನೊಂದು ಸಾಲು: ‘ಕಾರ್ನಾಕ್‌ನಲ್ಲಿ ಅವಳ ಭವ್ಯ, ಗಗನಚುಂಬಿ ಸ್ತಂಭ ಕಣ್ಮನ ಸೆಳೆಯುತ್ತದೆ.’

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯ ಉಪಸಂಪಾದಕರ ಪಕ್ಕ ಕೂತು ಪ್ರೂಫ್ ನೋಡುತ್ತಿದ್ದೆ. ‘ಭವ್ಯ’ ಕಂಡರೆ ಸಾಕು, ಕೆಂಪು ಪೆನ್ನಿನಲ್ಲಿ ಸುತ್ತುಹಾಕಿ ಪಕ್ಕದಲ್ಲಿ ‘ಎಷ್ಟು?’ ಅಂತ ಬರೆಯುತ್ತಿದ್ದರು. ಉತ್ತರ ಹುಡುಕಲು ಲೈಬ್ರರಿಗೆ ಓಡುವುದು ನನ್ನ ಕೆಲಸ. ಎಷ್ಟೋ ದಿನ ಊಟ ತಪ್ಪುತ್ತಿತ್ತು. ಆದರೆ ಉತ್ತರ ಸಿಕ್ಕಿದ ದಿನ ‘ಭವ್ಯ’ ತಾನಾಗೇ ಉದುರಿಹೋಗುತ್ತಿತ್ತು.

ನಿಮ್ಮ ಸ್ತಂಭಕ್ಕೂ ಅದೇ ಪ್ರಶ್ನೆ. ಕಾರ್ನಾಕ್ ದೇವಾಲಯದಲ್ಲಿರುವ ಅದು ಆಸ್ವಾನ್‌ನ ಗಣಿಯಿಂದ ನೈಲ್ ನದಿಯಲ್ಲಿ ಬಂದ ಒಂದೇ ಗ್ರಾನೈಟ್ ಕಲ್ಲು. ಎತ್ತರ 29 ಮೀಟರಿಗೂ ಮೇಲೆ, ತೂಕ 300 ಟನ್ನಿಗೂ ಜಾಸ್ತಿ. ಗಣಿಯಲ್ಲಿ ಕೆಲಸ 7 ತಿಂಗಳು ಹಿಡಿಯಿತು ಎಂದು ಅವಳೇ ಬುಡದಲ್ಲಿ ಕೆತ್ತಿಸಿದ್ದಾಳೆ. ಕಬ್ಬಿಣದ ಉಳಿ ಇರಲಿಲ್ಲ. ಡೋಲರೈಟ್ ಎಂಬ ಗಟ್ಟಿ ಕಲ್ಲಿನ ಗುಂಡುಗಳಿಂದ ಜಜ್ಜಿ ಜಜ್ಜಿ ಬಂಡೆ ಬಿಡಿಸುತ್ತಿದ್ದರು. ಇದನ್ನೆಲ್ಲ ಬಿಟ್ಟು ‘ಕಣ್ಮನ’ ಅಂದರೆ ಓದುಗನಿಗೆ ಏನು ಕಂಡೀತು?

ಈ ಎರಡು ಭಾಗ ತಿದ್ದಿ ಕಳಿಸಿ. ಸ್ತಂಭದ ಕೆಳಭಾಗ ಮುಚ್ಚುವಂತೆ ಮೂರನೇ ತುತ್ಮೋಸ್ ಕಟ್ಟಿಸಿದ ಗೋಡೆಯ ವಿಷಯವೂ ಬರಲಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ