ನೆಲದ ತಂಪಿನಿಂದ ಗಾಳಿಯ ನೀರು ಇಳಿಸಬಹುದೇ?

ಪ್ರಶ್ನೆ: ನಮ್ಮದು ಯಲಹಂಕದ ಕಡೆ 30×40 ಸೈಟಿನ ಮನೆ. ಬೋರ್‌ವೆಲ್ ಬತ್ತಿದೆ, ಬೇಸಿಗೆಯಲ್ಲಿ ಟ್ಯಾಂಕರೇ ಗತಿ. ಹತ್ತು ಅಡಿ ಆಳದಲ್ಲಿ ಪೈಪು ಹೂತು ಫ್ಯಾನಿನಿಂದ ಗಾಳಿ ಹಾಯಿಸಿದರೆ, ನೆಲದ ತಂಪಿಗೆ ತೇವಾಂಶ ನೀರಾಗುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. ದಿನಕ್ಕೆ ಎಷ್ಟು ಲೀಟರ್ ಸಿಗಬಹುದು?

ಉತ್ತರ: ನಿಮಗೆ ನೀರು ಬೇಕಾದ ಬೇಸಿಗೆಯಲ್ಲಿ ಒಂದು ತೊಟ್ಟೂ ಸಿಗದು. ಗುಂಡಿ ತೋಡಿಸುವ ಮುಂಚೆ ಹೀಗೆ ಮಾಡಿ ನೋಡಿ. ಸಂಪಿನಿಂದ ಆಗಷ್ಟೇ ಎತ್ತಿದ ನೀರನ್ನು ಸ್ಟೀಲ್ ಲೋಟಕ್ಕೆ ತುಂಬಿ, ಹೊರಮೈ ಒರೆಸಿ ನೆರಳಲ್ಲಿಡಿ. ಲೋಟ ಬೆವರುವುದಿಲ್ಲ. ಈಗ ಥರ್ಮಾಮೀಟರ್ ಇಳಿಬಿಟ್ಟು (ಜ್ವರ ನೋಡುವುದಲ್ಲ, ಅಕ್ವೇರಿಯಂನದು ಸಾಕು) ಐಸ್ ತುಂಡುಗಳನ್ನು ಒಂದೊಂದೇ ಹಾಕುತ್ತ ಕಲಕಿ. ಲೋಟದ ಹೊಳಪು ಮಾಸಿ ಮಂಜು ಕವಿಯುವಾಗ ಎಷ್ಟು ಡಿಗ್ರಿ ತೋರಿಸುತ್ತದೋ ಅದೇ ಆ ಹೊತ್ತಿನ ಇಬ್ಬನಿ ಬಿಂದು. ಅದಕ್ಕಿಂತ ತಣ್ಣಗಿರುವ ಮೈಮೇಲೆ ಮಾತ್ರ ಗಾಳಿಯ ತೇವ ನೀರಾಗಿ ಕೂರುತ್ತದೆ.

ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ, ಆರ್ದ್ರತೆ ಶೇ 25 ಎಂದಿಟ್ಟುಕೊಂಡರೆ ಇಬ್ಬನಿ ಬಿಂದು ಸುಮಾರು 11 ಡಿಗ್ರಿ. ಹತ್ತು ಅಡಿ ಕೆಳಗಿನ ಮಣ್ಣು ಊರಿನ ವರ್ಷದ ಸರಾಸರಿ ತಾಪಮಾನದ ಆಸುಪಾಸಿನಲ್ಲಿರುತ್ತದೆ. ಬೆಂಗಳೂರಲ್ಲಿ ಅದು 24 ಡಿಗ್ರಿಯಷ್ಟು. ಮಳೆಗಾಲದಲ್ಲಿ 25 ಡಿಗ್ರಿ, ಶೇ 75 ಆರ್ದ್ರತೆ ಇದ್ದಾಗಲೂ ಬಿಂದು 20ರ ಹತ್ತಿರವೇ, ಮಣ್ಣು ಅದಕ್ಕಿಂತ ಬೆಚ್ಚಗೇ ಇರುತ್ತದೆ. ಇನ್ನೂ ಆಳಕ್ಕೆ ಅಗೆದರೆ ತಂಪು ಹೆಚ್ಚುವುದಿಲ್ಲ, ನಿಧಾನವಾಗಿ ಬಿಸಿ ಏರುತ್ತದೆ.

ಇದು ಹಳೆಯ ಆಸೆ. 1930ರ ಸುಮಾರಿಗೆ ಆಶಿಲ್ ಕ್ನಾಪೆನ್ ಎಂಬ ಎಂಜಿನಿಯರ್ ದಕ್ಷಿಣ ಫ್ರಾನ್ಸಿನಲ್ಲಿ 14 ಮೀಟರ್ ಎತ್ತರದ, ದಪ್ಪ ಗೋಡೆಯ ‘ಗಾಳಿ ಬಾವಿ’ ಕಟ್ಟಿಸಿದ. ಗೋಪುರ ಇಂದಿಗೂ ನಿಂತಿದೆ. ನೀರು ಮಾತ್ರ ಹೆಸರಿಗಷ್ಟೇ ಬಂದದ್ದು.

ಇಬ್ಬನಿ ಬಿಂದು ದಾಟಿಸಿದರೂ ಲೆಕ್ಕ ಸಣ್ಣದು. ಮಳೆಗಾಲದ ಆ ಗಾಳಿಯನ್ನು ಯಂತ್ರದಿಂದ 15 ಡಿಗ್ರಿಗೆ ಇಳಿಸಿದರೆ ಘನ ಮೀಟರಿಗೆ ನಾಲ್ಕೂವರೆ ಗ್ರಾಂ ನೀರು ಬಿಡುತ್ತದೆ. ಒಂದು ಲೀಟರಿಗೆ ಹತ್ತಡಿ ಚೌಕದ ಎಂಟು ಕೋಣೆಗಳ ಗಾಳಿ ಬೇಕು. ಯಂತ್ರದ ಬದಲು ನೆಲದ ಪೈಪಾದರೆ, ಆವಿ ನೀರಾಗುವಾಗ ಬಿಡುವ ಶಾಖವನ್ನು ಮಣ್ಣೇ ಹೀರಬೇಕು. ಪೈಪಿನ ಸುತ್ತಲ ಮಣ್ಣು ಬೆಚ್ಚಗಾದರೆ ಅಲ್ಲಿಗೆ ಕೆಲಸ ನಿಂತಂತೆ.

ಹಾಗೆಂದು ನೆಲದ ಪೈಪು ದಂಡವಲ್ಲ. ಬೇಸಿಗೆಯ ಬಿಸಿಗಾಳಿಯನ್ನು ಅದು ಕೆಲವು ಡಿಗ್ರಿ ತಣಿಸಿ ಒಳಗೆ ಕಳಿಸಬಲ್ಲದು, ಎಸಿ ಖರ್ಚು ಉಳಿದೀತು. ಆದರೆ ನೀವು ಕೇಳಿದ್ದು ನೀರು.

ನೀರಿಗೆ ನಿಮ್ಮ ತಾರಸಿಯನ್ನೇ ನಂಬಿ. ಸಾವಿರ ಚದರಡಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2,300 ಲೀಟರ್. ಸೋರಿ ಚೆಲ್ಲಿದ್ದು ಕಳೆದರೂ 1,800 ಸಂಪಿಗೆ ಇಳಿದೀತು. ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಫಿಲ್ಟರ್ ಮಾದರಿಗಳನ್ನು ಅಲ್ಲೇ ನೋಡಬಹುದು. ಪ್ಲಂಬರ್‌ಗೆ ಒಂದು ಮಾತು ಮರೆಯದೆ ಹೇಳಿ: ಫಿಲ್ಟರಿಗೆ ಮುಂಚೆ ವಾಲ್ವ್ ಇರಲಿ. ಮೊದಲ ಮಳೆಯ ದೂಳು, ಪಾರಿವಾಳದ ಹಿಕ್ಕೆ ಹೊರಗೆ ಹೋಗಬೇಕು.