ಫೆಲ್ಟ್‌ ಗಿಫ್ಟ್‌ ಮಾಡಿ ಸೇವೆಗೆ ದುಡ್ಡು ಕೂಡಿಸಬಹುದಾ? ಹಿಮದ ಗೊಂಬೆ ಬಿಡಿ, ತೊಗರಿಕಾಯಿ ಮಾಡಿ

ನೀವು ಕೇಳಿದ್ದು ಇಷ್ಟು: ಫೆಲ್ಟ್ ಬಟ್ಟೆಯಲ್ಲಿ (ನೇಯದೆ, ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ) ಚಿಕ್ಕಪುಟ್ಟ ಗಿಫ್ಟ್ ಮಾಡುವುದು ಕಲಿಯುತ್ತಿದ್ದೇನೆ, ಮಾರಿ ಬಂದ ದುಡ್ಡನ್ನು ಯಾವುದಾದರೂ ಒಳ್ಳೆಯ ಕೆಲಸಕ್ಕೆ ಕೊಡಬೇಕು ಅಂತ ಆಸೆ, ಇದರಲ್ಲಿ ನಿಜವಾಗಿಯೂ ದುಡ್ಡು ಹುಟ್ಟುತ್ತಾ, ಎಲ್ಲಿಂದ ಶುರು ಮಾಡಲಿ.

ಹುಟ್ಟುತ್ತದೆ. ಆದರೆ ನೀವು ಈಗ ಯಾವುದನ್ನು ಮಾಡಬೇಕು ಅಂತ ಕನಸು ಕಾಣುತ್ತಿದ್ದೀರೋ ಅದರಿಂದ ಬಹುಶಃ ಹುಟ್ಟುವುದಿಲ್ಲ. ನಮ್ಮ ಕಥೆ ಕೇಳಿ.

ನಾನು ಕಲಬುರಗಿಯವಳು. ನಮ್ಮ ಓಣಿಯ ಐದು ಜನ ಹೆಂಗಸರು ಸೇರಿ ನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇವೆ. ಬಂದ ದುಡ್ಡಲ್ಲಿ ಜೂನ್ ತಿಂಗಳು ಒಂದು ತಾಂಡಾ ಶಾಲೆಯ ಮಕ್ಕಳಿಗೆ ನೋಟ್‌ಬುಕ್, ಕಂಪಾಸ್ ಬಾಕ್ಸ್ ಕೊಡಿಸುತ್ತೇವೆ. ಅಲ್ಲಿ ಎಷ್ಟೋ ಮಕ್ಕಳ ಅಪ್ಪ ಅವ್ವ ಮುಂಬೈ, ಪುಣೆ ಕಡೆ ದುಡಿಯಲು ಹೋಗಿರುತ್ತಾರೆ, ಮಕ್ಕಳು ಅಜ್ಜಿ ಹತ್ತಿರ ಇರುತ್ತಾರೆ. ಶಾಲೆ ಶುರುವಾಗುವ ಹೊತ್ತಿಗೆ ಕೈಯಲ್ಲಿ ಒಂದು ಪೆನ್ಸಿಲ್ಲೂ ಇರುವುದಿಲ್ಲ.

ಮೊದಲನೇ ವರ್ಷ ನಾವು ಪಿಂಟರೆಸ್ಟ್ ನೋಡಿ ಆನೆ, ಗೂಬೆ, ಕೊನೆಗೆ ಕೊರಳಿಗೆ ಮಫ್ಲರ್ ಸುತ್ತಿದ ಹಿಮದ ಗೊಂಬೆ ಕೂಡ ಮಾಡಿದೆವು. ಕಲಬುರಗಿಯಲ್ಲಿ ಹಿಮ! ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲಲ್ಲಿ ಫ್ಯಾನ್ ಕೆಳಗೆ ಕೂತು ಅದರ ಮೂಗಿಗೆ ಗಜ್ಜರಿ ಹೊಲಿದಿದ್ದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಒಂದೊಂದಕ್ಕೆ ಮೂರು ತಾಸು. ಹದಿನಾಲ್ಕು ಗೊಂಬೆ, ತಲಾ 300 ರೂಪಾಯಿ ಇಟ್ಟೆವು. ಹೋಗಿದ್ದು ಎರಡು, ಅದರಲ್ಲಿ ಒಂದನ್ನು ಕೊಂಡವಳು ನನ್ನ ನಾದಿನಿ. ಆದರೆ ಪಕ್ಕದ ಮನೆ ಹುಡುಗಿ ಉಳಿದ ತುಂಡುಗಳಲ್ಲಿ ಸುಮ್ನೆ ಟೈಮ್‌ಪಾಸ್‌ಗೆ ಅಂತ ಮಾಡಿದ್ದ 30 ಕೀಚೈನ್, ತಲಾ 40 ರೂಪಾಯಿಯಂತೆ, ಒಂದು ತಾಸಲ್ಲಿ ಖಾಲಿ. ಒಟ್ಟು 1,800 ಬಂತು, ಸಾಮಾನಿಗೆ ಆಗಿದ್ದ ಖರ್ಚು 2,100. ಸೇವೆ ಮಾಡಲು ಹೋಗಿ 300 ರೂಪಾಯಿ ಕೈಯಿಂದ ಹಾಕಿ ಬಂದೆವು.

ಆವತ್ತೇ ಒಂದು ಮಾತು ತಲೆಗೆ ಹೋಯಿತು. ಪಾಪ, ಒಳ್ಳೆ ಕೆಲಸಕ್ಕೆ ಮಾಡಿದ್ದಾರೆ ಅಂತ ಕೊಳ್ಳುವವರು ಒಂದೇ ಸಲ ಕೊಳ್ಳುತ್ತಾರೆ. ನಿಮ್ಮ ವಸ್ತು ಸೇವೆಯ ಹೆಸರು ಇಲ್ಲದಿದ್ದರೂ ಹೋಗುವಂತಿರಬೇಕು. ಅಂಥದ್ದು ಏನು ಅಂತ ಹುಡುಕಲು ನಮಗೆ ಇನ್ನೊಂದು ವರ್ಷ ಬೇಕಾಯಿತು, ಸಿಕ್ಕಿದ್ದು ಮಾತ್ರ ಅಡುಗೆಮನೆಯಲ್ಲಿ.

ನಮ್ಮದು ತೊಗರಿಯ ನಾಡು ಅಲ್ವಾ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು ಕೂಡ ಸಿಕ್ಕಿದೆ. ಹಸಿರು ಫೆಲ್ಟಿನಲ್ಲಿ ಒಂದು ತೊಗರಿಕಾಯಿ ಮಾಡಿ ರಿಂಗ್ ಹಾಕಿದೆವು. ಇಲ್ಲಿ ಓದಲು ಹೊರಗಿನಿಂದ ಬಂದ ಹುಡುಗ ಹುಡುಗಿಯರು ಅದಕ್ಕೆ ಮುಗಿಬಿದ್ದರು, ಊರಿಗೆ ಹೋಗುವಾಗ ನಾಲ್ಕು ಐದು ಒಯ್ಯುತ್ತಾರೆ. ಆಮೇಲೆ ಲೋಟದ ಕೆಳಗೆ ಇಡುವ ಜೋಳದ ರೊಟ್ಟಿ ಕೋಸ್ಟರ್: ಕೆನೆ ಬಣ್ಣದ ದುಂಡನೆ ಫೆಲ್ಟು, ಮೇಲೆ ಕಂದು ದಾರದಲ್ಲಿ ಅಲ್ಲಲ್ಲಿ ಸುಟ್ಟ ಚುಕ್ಕೆ. ಅದರ ತಂಗಿ ಸಜ್ಜೆ ರೊಟ್ಟಿ: ಬೂದು ಫೆಲ್ಟಿನ ಮೇಲೆ ಬಿಳಿ ಗಂಟು ಹೊಲಿಗೆಯಲ್ಲಿ ಎಳ್ಳು. ಎಳ್ಳ ಅಮಾವಾಸ್ಯೆ, ಸಂಕ್ರಾಂತಿ ಹೊತ್ತಿಗೆ ಇದನ್ನು ಆರರ ಸೆಟ್ ಮಾಡಿ ಕೊಡುತ್ತೇವೆ, ಮದುವೆಯಾಗಿ ಬೆಂಗಳೂರಿಗೆ ಹೋದ ಹೆಣ್ಣುಮಕ್ಕಳಿಗೆ ಗಿಫ್ಟ್ ಅಂತ ತಾಯಂದಿರೇ ಕೊಳ್ಳುತ್ತಾರೆ. ಇನ್ನೊಂದು, ಬೀದರಿನ ಬಿದ್ರಿ. ಸತು ಮತ್ತು ತಾಮ್ರದ ಪಾತ್ರೆಯಲ್ಲಿ ಬೆಳ್ಳಿ ಎಳೆ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಾ ಉಳಿಯುತ್ತದೆ. ಆ ಕಪ್ಪು ಬಿಳುಪು ಫೆಲ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ಕಪ್ಪು ಫೆಲ್ಟಿನ ಮೇಲೆ ತಿಳಿ ಬೂದು ದಾರದಲ್ಲಿ ಬಳ್ಳಿ, ಹೂವು ಹಾಕಿದ ಬುಕ್‌ಮಾರ್ಕ್ ಮಾಡುತ್ತೇವೆ. ಆದರೆ ಅದನ್ನು 'ಬಿದ್ರಿ' ಅಂತ ಹೆಸರಿಟ್ಟು ಮಾರುವುದಿಲ್ಲ, ಅದು ಬೀದರಿನ ಕುಶಲಕರ್ಮಿಗಳ ಹೆಸರು. 'ಕಪ್ಪು ಬಳ್ಳಿ' ಅಂತೀವಿ.

ಹಿಮದ ಗೊಂಬೆಗೆ ಬೈದೆ ಅಂತ ಕ್ರಿಸ್ಮಸ್ ಬಿಡಬೇಡಿ. ಬೀದರಿನಲ್ಲಿ ಮೆಥೋಡಿಸ್ಟ್ ಕ್ರೈಸ್ತರು ಬಹಳ ಮಂದಿ ಇದ್ದಾರೆ, ಡಿಸೆಂಬರ್ ಮೊದಲ ವಾರದಲ್ಲಿ ಫೆಲ್ಟ್ ನಕ್ಷತ್ರ, ಗಂಟೆ ಚೆನ್ನಾಗಿ ಹೋಗುತ್ತವೆ. ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಐದು ಜನರ ಬಸ್ ಖರ್ಚು ಸೊನ್ನೆ, ಇಲ್ಲದಿದ್ದರೆ ಅಷ್ಟು ದೂರ ಹೋಗಿ ಮಾರುವುದು ಲೆಕ್ಕಕ್ಕೇ ಕೂರುತ್ತಿರಲಿಲ್ಲ. ಆಗಸ್ಟಿನಲ್ಲಿ ರಾಖಿ ಇದೆ, ಅದು ಎಲ್ಲಕ್ಕಿಂತ ಸಲೀಸು.

ಈಗ ಬಟ್ಟೆಯ ವಿಷಯ. ಅಸಲಿ ಫೆಲ್ಟ್ ಅಂದರೆ ಉಣ್ಣೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರ ಇರುತ್ತದೆ, ಬಿಸಿನೀರು, ಸೋಪು ಹಾಕಿ ತಿಕ್ಕಿದರೆ ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂತೆ ಗಟ್ಟಿಯಾಗುತ್ತದೆ. ನೇಯುವುದೂ ಇಲ್ಲ, ಹೆಣೆಯುವುದೂ ಇಲ್ಲ. ಆದರೆ ನಮ್ಮಲ್ಲಿ ಸ್ಟೇಷನರಿ ಅಂಗಡಿಯಲ್ಲಿ ಎ4 ಹಾಳೆಯಂತೆ ಸಿಗುವುದು ಬಹುಪಾಲು ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಅದು ಕೆಟ್ಟದ್ದೇನಲ್ಲ, ಅಗ್ಗ, ಬಣ್ಣ ಜಾಸ್ತಿ, ಅಂಚು ಬಿಚ್ಚುವುದಿಲ್ಲ. ಬಿಸಿ ಇಸ್ತ್ರಿ ಮಾತ್ರ ಇಡಬೇಡಿ, ಕರಗಿ ಪೆಟ್ಟಿಗೆಗೆ ಅಂಟುತ್ತದೆ. ಯಾವುದು ಅಂತ ಗೊತ್ತಾಗದಿದ್ದರೆ ಒಂದು ಎಳೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಪ್ಲಾಸ್ಟಿಕ್ ಜಾತಿಯದಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಲಿಯುವ ವಸ್ತುವಿಗೆ ಮೆತ್ತನೆಯದು, 1ರಿಂದ 2 ಮಿಲಿಮೀಟರ್ ದಪ್ಪದ್ದು ಸಾಕು. ರಟ್ಟಿನಂತೆ ಗಟ್ಟಿ ಇರುವುದು ಕೋಸ್ಟರಿಗೆ, ಬುಕ್‌ಮಾರ್ಕಿಗೆ. ಅದನ್ನು ತಂದು ಗೊಂಬೆ ಹೊಲಿಯಲು ಹೋದರೆ ಸೂಜಿ ಮುರಿಯುತ್ತದೆ, ಬೆರಳೂ ಹೋಗುತ್ತದೆ.

ಕಂಬಳಿಯ ಉಣ್ಣೆಯಲ್ಲೇ ಮಾಡಬಾರದೇಕೆ ಅಂತ ನೀವು ಕೇಳುವ ಮೊದಲೇ ಹೇಳುತ್ತೇನೆ, ನಾನು ಮಾಡಿ ನೋಡಿದ್ದೇನೆ. ಕುರಿ ಸಾಕುವ ಪರಿಚಯದವರ ಹತ್ತಿರ ಎರಡು ಕಿಲೋ ಕರಿ ಉಣ್ಣೆ ತಂದೆ. ತೊಳೆದಿದ್ದೇ ಮೂರು ದಿನ, ಮಣ್ಣು, ಜಿಡ್ಡು, ಕಸ, ಮುಳ್ಳು. ನಮ್ಮ ದಖನಿ ಕುರಿಯ ಉಣ್ಣೆ ಬಿರುಸು, ಅದಕ್ಕೇ ಕಂಬಳಿ ಅಷ್ಟು ಬಾಳಿಕೆ. ಚಾಪೆಯಲ್ಲಿ ಸುತ್ತಿ, ಬಿಸಿನೀರು ಸೋಪು ಹಾಕಿ, ಮೂರು ಜನ ಪಾಳಿಯಲ್ಲಿ ಉರುಳಿಸಿದ ಮೇಲೆ ಒಂದು ಹಾಳೆ ಆಯಿತು. ಮೈಗೆ ತಾಗಿದರೆ ಚುಚ್ಚುತ್ತದೆ, ಗೊಂಬೆಗೆ ಬರುವುದಿಲ್ಲ. ಆದರೆ ಒಲೆಯಿಂದ ಇಳಿಸಿದ ಪಾತ್ರೆ ಇಡಲು ಅದಕ್ಕಿಂತ ಒಳ್ಳೆಯದು ಇಲ್ಲ, ಉಣ್ಣೆ ಬೇಗ ಹೊತ್ತಿಕೊಳ್ಳುವುದೂ ಇಲ್ಲ. ಎಂಟು ತುಂಡಾಯಿತು, ಎಂಟೂ ನಮ್ಮ ನಮ್ಮ ಮನೆಯಲ್ಲೇ ಉಳಿದವು. ಮಾರಲು ಅಂತ ಇನ್ನೊಮ್ಮೆ ಮಾಡುವ ಧೈರ್ಯ ನನಗಿಲ್ಲ.

ಹೊಲಿಗೆಗೆ ಹೆದರಬೇಡಿ. ಎರಡೇ ಬಂದರೆ ಸಾಕು. ಒಂದು ಕೌದಿಯ ಸಾದಾ ಹೊಲಿಗೆ. ಇನ್ನೊಂದು ಅಂಚಿಗೆ ಹಾಕುವ ಬ್ಲಾಂಕೆಟ್ ಸ್ಟಿಚ್, ಗುಂಡಿಯ ಕಾಜಾ ಹಾಕುತ್ತೇವಲ್ಲ, ಅದನ್ನೇ ದೂರ ದೂರ ಹಾಕಿದ ಹಾಗೆ. ಕಸೂತಿ ದಾರದ ಒಂದು ಲಡಿಯಲ್ಲಿ ಆರು ಎಳೆ ಇರುತ್ತದೆ, ಅಂಚಿಗೆ ಮೂರು ಎಳೆ, ಕಣ್ಣು ಮೂಗಿಗೆ ಎರಡು. ನಮ್ಮ ಐವರಲ್ಲಿ ಎಲ್ಲರಿಗಿಂತ ಚೆಂದ ಹೊಲಿಯುವವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಕೌದಿ ಹೊಲಿದ ಕೈ, ಸ್ಕೇಲ್ ಇಟ್ಟು ಅಳೆದರೂ ಟಾಕಿಯಲ್ಲಿ ಕೂದಲಷ್ಟು ವ್ಯತ್ಯಾಸ ಸಿಗುವುದಿಲ್ಲ. ನಿಮ್ಮ ಓಣಿಯಲ್ಲೂ ಅಂಥವರು ಇದ್ದೇ ಇರುತ್ತಾರೆ, ಮೊದಲು ಅವರನ್ನು ಹುಡುಕಿ.

ಕತ್ತರಿಸುವಾಗ ಪೆನ್ನಲ್ಲಿ ಗೆರೆ ಹಾಕಬೇಡಿ, ಅದು ಹೋಗುವುದಿಲ್ಲ. ಕಾಗದದ ಅಚ್ಚನ್ನು ಫೆಲ್ಟಿನ ಮೇಲಿಟ್ಟು, ಮೇಲೆ ಸೆಲ್ಲೋಟೇಪ್ ಅಂಟಿಸಿ, ಕಾಗದ ಟೇಪು ಫೆಲ್ಟು ಮೂರನ್ನೂ ಒಟ್ಟಿಗೆ ಕತ್ತರಿಸಿ. ಒಳಗೆ ತುಂಬಲು ದಿಂಬಿನ ಫೈಬರ್ ಹಾಕಿ, ಹತ್ತಿ ಒದ್ದೆಯಾದರೆ ಗಂಟುಗಟ್ಟುತ್ತದೆ. ಮತ್ತೆ ಗ್ಲೂ ಗನ್. ಎರಡನೇ ವರ್ಷ ಬೇಗ ಆಗುತ್ತೆ ಅಂತ ರಿಂಗಿನ ಪಟ್ಟಿಯನ್ನೆಲ್ಲ ಅದರಲ್ಲೇ ಅಂಟಿಸಿದೆವು. ಏಪ್ರಿಲ್ ಬಂತು, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗ್ಲೂ ಮೆತ್ತಗಾಗಿ ತೊಗರಿಕಾಯಿ ಒಂದು ಕಡೆ, ರಿಂಗ್ ಒಂದು ಕಡೆ. ಹನ್ನೊಂದು ಜನಕ್ಕೆ ಹೊಸದು ಮಾಡಿಕೊಟ್ಟೆವು. ಈ ಕಡೆ ಊರಿನವರಾಗಿದ್ದರೆ ಭಾರ ಬೀಳುವ ಜಾಗವನ್ನು ಹೊಲಿಯಲೇಬೇಕು.

ಮಕ್ಕಳ ಆಟದ ಗೊಂಬೆ ಮಾರುವ ಯೋಚನೆ ಇದ್ದರೆ ಇದೊಂದು ಗೊತ್ತಿರಲಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವುದಕ್ಕೆ ವಿನಾಯಿತಿ ಇದೆ, ನಮ್ಮಂಥ ಓಣಿಯ ಗುಂಪಿಗೆ ತಾನಾಗಿಯೇ ಸಿಗುವುದಿಲ್ಲ. ನಾವು ಆಟಿಕೆಯನ್ನೇ ಬಿಟ್ಟೆವು. ಮಣಿ, ಗುಂಡಿ ಕಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳುವ ಭಯವೂ ತಪ್ಪಿತು.

ಬೆಲೆ ಹೇಗೆ ಇಡುವುದು? ಒಂದು ಎ4 ಹಾಳೆಯಲ್ಲಿ ಆರೇಳು ಕೀಚೈನ್ ಆಗುತ್ತದೆ. ಹಾಳೆ, ದಾರ, ಫೈಬರ್, ರಿಂಗ್ ಎಲ್ಲ ಸೇರಿ ನಮಗೆ ಒಂದಕ್ಕೆ 10 ರೂಪಾಯಿ ಬೀಳುತ್ತದೆ, 50ಕ್ಕೆ ಕೊಡುತ್ತೇವೆ. ಕೈ ಪಳಗಿದ ಮೇಲೆ 20 ನಿಮಿಷದ ಕೆಲಸ. ನಾವು ಕೂಲಿ ತೆಗೆದುಕೊಳ್ಳುವುದಿಲ್ಲ, ಆದರೂ ಎಷ್ಟು ತಾಸು ಹೋಯಿತು ಅಂತ ಪುಸ್ತಕದಲ್ಲಿ ಬರೆದಿಡುತ್ತೇವೆ. ತಾಸಿಗೆ 100 ರೂಪಾಯಿಯೂ ಸೇವೆಗೆ ಉಳಿಸದ ವಸ್ತುವನ್ನು ಮುಂದಿನ ವರ್ಷ ಮಾಡುವುದಿಲ್ಲ. ಆನೆ ಮಾಡುವುದು ಬಿಟ್ಟಿದ್ದು ಹೀಗೇ. ಚೌಕಾಸಿ ಮಾಡುವವರು ಬರುತ್ತಾರೆ, ಸೇವೆಗೆ ಅಂದ ಮೇಲೆ ಇನ್ನೂ ಕಡಿಮೆ ಮಾಡ್ರಿ ಅನ್ನುವವರೂ ಇದ್ದಾರೆ, ಆ ತರ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ದುಡ್ಡಿನ ಲೆಕ್ಕದಲ್ಲಿ ಮಾತ್ರ ಬಿಗಿಯಾಗಿರಿ, ಸ್ನೇಹ ಕೆಡುವುದು ಅಲ್ಲೇ. ಒಬ್ಬರ ಸ್ವಂತ ಫೋನಿನ ಕ್ಯುಆರ್ ಇಟ್ಟು ಮಾರಬೇಡಿ, ಮನೆಯ ಹಾಲಿನ ದುಡ್ಡಿನ ಜೊತೆ ಕಲಸಿಹೋಗುತ್ತದೆ. ಇಬ್ಬರ ಹೆಸರಲ್ಲಿ ಬೇರೆ ಖಾತೆ ತೆಗೆಯಿರಿ. ಸಾಮಾನಿನ ಖರ್ಚು ಕಳೆಯುತ್ತೀರಿ ಅಂದರೆ ಬೋರ್ಡಿನಲ್ಲಿ 'ಪೂರ್ತಿ ಹಣ ಸೇವೆಗೆ' ಅಂತ ಬರೆಯಬೇಡಿ, 'ಖರ್ಚು ಕಳೆದು ಉಳಿದದ್ದು' ಅಂತಲೇ ಬರೆಯಿರಿ. ಯಾವುದಾದರೂ ಸಂಸ್ಥೆಗೆ ಕೊಡುವುದಾದರೆ ಅವರ ಹೆಸರು ಹಾಕುವ ಮುಂಚೆ ಪತ್ರ ತೆಗೆದುಕೊಳ್ಳಿ. ಕೆಲವರು ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಸಿಗುವ 80ಜಿ ರಸೀದಿ ಕೇಳುತ್ತಾರೆ. ನಮ್ಮಂಥ ಗುಂಪಿಗೆ ಅದನ್ನು ಕೊಡಲು ಬರುವುದಿಲ್ಲ, ಅವರು ಕೀಚೈನ್ ಕೊಂಡಿದ್ದು ಖರೀದಿ, ದಾನ ಅಲ್ಲ. ನಗುತ್ತಲೇ ಹೇಳಿಬಿಡಿ.

ಹೋದ ವರ್ಷ ನಮ್ಮ ಮಾರಾಟ 26,400, ಖರ್ಚು 6,150. ಉಳಿದ 20,250ರಲ್ಲಿ 90 ಮಕ್ಕಳಿಗೆ ತಲಾ ಆರು ನೋಟ್‌ಬುಕ್ ಮತ್ತು ಒಂದು ಕಂಪಾಸ್ ಬಾಕ್ಸ್, ಒಬ್ಬರಿಗೆ 225 ರೂಪಾಯಿ. ಅಂಗಡಿಯ ಬಿಲ್ಲಿನ ಫೋಟೋ ತೆಗೆದು ಕೊಂಡವರ ವಾಟ್ಸಾಪ್ ಗುಂಪಿಗೆ ಹಾಕಿದೆವು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವುದಿಲ್ಲ, ಅದು ನಮ್ಮ ನಿಯಮ. ಬಿಲ್ಲು ಸಾಕು.

ಮೊದಲಿಗೆ ತೊಗರಿಕಾಯಿಯನ್ನೇ ಮಾಡಿ ನೋಡಿ, ಅಚ್ಚು ನೀವೇ ಬರೆಯಬಹುದು. ಏಳು ಸೆಂಟಿಮೀಟರ್ ಉದ್ದ, ಎರಡು ಅಗಲ, ಒಂದು ತುದಿ ಚೂಪು. ಎರಡು ತುಂಡು ಕತ್ತರಿಸಿ. ಮೇಲಿನ ತುಂಡಿನ ಮೇಲೆ ಕಂದುಗೆಂಪು ದಾರದಲ್ಲಿ ಮೂರು ಓರೆ ಗೆರೆ ಹಾಕಿ, ನೇರ ಹಾಕಿದರೆ ಬಟಾಣಿ ಅನಿಸುತ್ತದೆ, ತೊಗರಿಕಾಯಿಯ ತಗ್ಗು ಓರೆಯಾಗಿಯೇ ಇರುತ್ತದೆ. ರಿಂಗಿನ ಪಟ್ಟಿಯನ್ನು ಎರಡರ ನಡುವೆ ಇಟ್ಟು ಎರಡು ಸಲ ಹೊಲಿದು, ಅಂಚಿನ ಹೊಲಿಗೆ ಮುಕ್ಕಾಲು ಮುಗಿದ ಮೇಲೆ ಫೈಬರ್ ತುಂಬಿ. ಪೆನ್ಸಿಲ್ಲಿನ ಹಿಂಬದಿಯಲ್ಲಿ ತುದಿಯವರೆಗೆ ತಳ್ಳಿ, ಅಲ್ಲೇ ಎಲ್ಲರದೂ ಪೊಳ್ಳಾಗುವುದು.